ಕತ್ತರಿಸಿ ನೋಡಿದ ಕಡಲು

ಬೆಳಿಗ್ಗೆ ಆರು ಗಂಟೆ ಹದಿನೇಳು ನಿಮಿಷ. ಈ ಹೊತ್ತನ್ನು ನಾನು ನೆನಪಿಟ್ಟುಕೊಂಡದ್ದಲ್ಲ, ಅದು ಚಿತ್ರದ ಜೊತೆಯಲ್ಲೇ ಬಂದದ್ದು. ಆಗ ನಾನು ಮಣಿಪಾಲದ ಹಾಸ್ಟೆಲಿನಲ್ಲಿ ಬಿಸಿನೀರಿನ ಸರದಿಗೆ ಬಕೆಟ್ ಇಟ್ಟು ನಿಂತಿದ್ದೆ. ಭಾಸ್ಕರ ಮಾವ ಕಾಪುವಿನ ಕಡಲ ಬದಿಯಲ್ಲಿ ದೋಣಿಗೆ ಒರಗಿಕೊಂಡು ಗಾಳಿ ನೋಡುತ್ತಿದ್ದರು. ನಮ್ಮಿಬ್ಬರ ತಲೆಯ ಮೇಲೆ, ಏಳುನೂರು ಕಿಲೋಮೀಟರ್ ಎತ್ತರದಲ್ಲಿ, ಒಂದು ರಾಡಾರ್ ಉಪಗ್ರಹ ಬಡಗಿನಿಂದ ತೆಂಕಿಗೆ ಹಾದುಹೋಯಿತು. ಕೆಡುಕು ಶುರುವಾದದ್ದು ಆಗ. ಶುರುವಾಯಿತೆಂದು ನಮಗೆ ತಿಳಿದದ್ದು ಮಧ್ಯಾಹ್ನ ಊಟ ಮುಗಿದ ಮೇಲೆ.

ಈಗ ನಾನು ಕಾರ್ಕಳದ ಕಾಲೇಜೊಂದರಲ್ಲಿ ಪಾಠ ಹೇಳುತ್ತೇನೆ. ಕಡಲಿನಿಂದ ದೂರ ಎಂದೇ ಈ ಊರನ್ನು ಆರಿಸಿಕೊಂಡೆ. ಕಳೆದ ವಾರ ಕಾಲೇಜಿನ ಎದುರಿನ ರಸ್ತೆಗೆ ಡಾಮರು ಹಾಕುತ್ತಿದ್ದರು. ಡ್ರಮ್ಮಿನಡಿ ಬೆಂಕಿ ಹಾಕಿ ಕಾಯಿಸುತ್ತಿದ್ದ ವಾಸನೆ ಕಿಟಕಿಯಿಂದ ಒಳಗೆ ಬಂತು. ನಾನು ಬೋರ್ಡಿನ ಮೇಲೆ ಬರೆಯುತ್ತಿದ್ದ ಸಾಲು ಅರ್ಧಕ್ಕೇ ನಿಂತಿತು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಕಿಟಕಿ ಮುಚ್ಚಿ, ತನ್ನ ನೀರಿನ ಬಾಟಲಿ ತಂದುಕೊಟ್ಟು, "ಮೇಡಂ, ಎಂತ ಆಯ್ತು?" ಎಂದಳು. ಏನೂ ಆಗಿಲ್ಲ ಎಂದೆ. ಆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಭಾಸ್ಕರ ಮಾವ ಎಂದರೆ ನನ್ನ ಅಮ್ಮನ ತಮ್ಮ. ಅಮ್ಮ ತೀರಿಕೊಂಡಾಗ ನನಗೆ ಎಂಟು ವರ್ಷ. ಅಲ್ಲಿಂದ ಮುಂದೆ ನಾನು ಬೆಳೆದದ್ದು ಅವರ ಮನೆಯಲ್ಲಿ, ಅವರ ಹೆಂಡತಿ ಜಲಜ ಮಾಮಿಯ ಮಡಿಲಲ್ಲಿ. ಅವರಿಗೆ ಮಕ್ಕಳಿಲ್ಲ. ಮಾವ ನಾಡದೋಣಿಯ ತಂಡೇಲ. ಎಂದರೆ ದೋಣಿಯಲ್ಲಿರುವ ಅಷ್ಟೂ ಜನ ಅವರ ಕಣ್ಣನ್ನು ನಂಬಿ ಹೊರಡುತ್ತಾರೆ, ಅವರು ಕೈ ತೋರಿಸಿದ ಕಡೆ ಬಲೆ ಬೀಳುತ್ತದೆ. ಮಾಮಿ ಬುಟ್ಟಿ ಹೊತ್ತು ಇನ್ನಂಜೆಯ ಮನೆಮನೆಗೆ ಮೀನು ಮಾರುತ್ತಿದ್ದರು. ದೋಣಿಗೆ ಹೆಣ್ಣುಮಕ್ಕಳು ಹತ್ತುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಚಿಕ್ಕವಳಿದ್ದಾಗ ನಾನು ದೋಣಿಯ ಹಿಂದೆ ಸೊಂಟದವರೆಗಿನ ನೀರಿಗೆ ಓಡುತ್ತಿದ್ದೆ. ಮಾವ ತಿರುಗಿ ನೋಡಿ, ಸಾಕು, ಹಿಂದೆ ಹೋಗು ಎಂದು ಕೈ ಮಾಡುತ್ತಿದ್ದರು. ನನ್ನ ಕಡಲು ಅಷ್ಟಕ್ಕೇ ಮುಗಿಯುತ್ತಿತ್ತು.

ಎಂಎಸ್ಸಿ ಮುಗಿಸಿ ಮಣಿಪಾಲದ ಒಂದು ಪ್ರಯೋಗಾಲಯ ಸೇರಿದಾಗ ಆ ಗಡಿ ಅಳಿಸಿಹೋಯಿತೆಂದು ನನಗೆ ಅನ್ನಿಸಿತು. ಅಲ್ಲಿ ನನ್ನ ಕೆಲಸ ಉಪಗ್ರಹ ಕಳಿಸುವ ಚಿತ್ರಗಳಲ್ಲಿ ಕಡಲಿನ ಮೇಲಿನ ಕಪ್ಪು ಕಲೆಗಳನ್ನು ಹುಡುಕುವುದು. ರಾಡಾರಿಗೆ ಬಣ್ಣ ಕಾಣುವುದಿಲ್ಲ, ಅದು ನೋಡುವುದು ನೀರಿನ ಒರಟನ್ನು. ಗಾಳಿಗೆ ಎದ್ದ ಸಣ್ಣ ಸಣ್ಣ ಅಲೆಗಳಿರುವ ಕಡಲು ಅದಕ್ಕೆ ಬೂದು. ಅಲೆ ಅಡಗಿ ನುಣ್ಣಗಾದ ಕಡಲು ಕಪ್ಪು. ಮಾಮಿಗೆ ಇದನ್ನು ಅರ್ಥ ಮಾಡಿಸಲು ಸ್ವಲ್ಪವೂ ಕಷ್ಟವಾಗಲಿಲ್ಲ. ಗಂಜಿ ಉಕ್ಕಿ ಬರುವಾಗ ಎರಡು ಹನಿ ಎಣ್ಣೆ ಬಿಟ್ಟರೆ ನೊರೆ ಕುಳಿತುಕೊಳ್ಳುತ್ತದಲ್ಲ, ಹಡಗಿನವರು ಎಣ್ಣೆ ಸುರಿದ ಕಡೆ ಕಡಲು ಹಾಗೆಯೇ ಕುಳಿತುಕೊಳ್ಳುತ್ತದೆ ಎಂದೆ. "ಇದನ್ನು ನೋಡಲಿಕ್ಕೆ ಅಷ್ಟು ಮೇಲೆ ಹೋಗಬೇಕಾ?" ಎಂದು ಮಾಮಿ ಕೇಳಿದರು.

ತೊಂದರೆ ಏನೆಂದರೆ ಕಡಲು ನುಣ್ಣಗಾಗಲು ಎಣ್ಣೆಯೇ ಬೇಕೆಂದಿಲ್ಲ. ಗಾಳಿ ಸತ್ತರೂ ಕಪ್ಪು ಕಾಣುತ್ತದೆ, ಜೋರು ಮಳೆ ಬಿದ್ದ ಕಡೆಯೂ ಕಪ್ಪು ಕಾಣಬಹುದು. ಪ್ರತಿಯೊಂದು ಕಲೆಗೂ ಇದು ಎಣ್ಣೆ, ಇದು ಗಾಳಿಯ ನೆರಳು, ಇದು ಬೇರೆ ಎಂದು ಹೆಸರು ಬರೆದಿಡಬೇಕು. ಅದನ್ನು ನೋಡಿ ಕಂಪ್ಯೂಟರು ಕಲಿಯಬೇಕು. ಕೋಣೆಯಲ್ಲಿ ಕುಳಿತು ಬರೆದ ಹೆಸರು ಸರಿಯೋ ತಪ್ಪೋ ಎಂದು ಕಡಲಿಗೆ ಹೋಗಿ ನೋಡಿ ಬರುವವರು ಯಾರೂ ಇರಲಿಲ್ಲ. ನನಗೆ ಮಾತ್ರ ಇದ್ದರು. ಕಾಪುವಿನ ಎದುರಿನ ನೀರಿನಲ್ಲಿ ಕಲೆ ಕಂಡರೆ ನಾನು ಮಾವನಿಗೆ ಫೋನ್ ಮಾಡುತ್ತಿದ್ದೆ. ಅಕ್ಷಾಂಶ ರೇಖಾಂಶ ಅವರಿಗೆ ಬೇಡ. ದೀಪಸ್ತಂಭಕ್ಕೆ ತೆಂಕು ಪಡುವಣ, ಆರು ಮಾರು ಆಳದ ನೀರು ಎಂದರೆ ಸಾಕು. ಸಂಜೆ ಅವರು ಫೋನ್ ಮಾಡಿ, ಅಲ್ಲಿ ಎಂತದೂ ಇಲ್ಲ, ಬರಿ ಸತ್ತ ಗಾಳಿ ಎನ್ನುತ್ತಿದ್ದರು. ನಾನು ಪಟ್ಟಿಯಲ್ಲಿ ಬರೆದುಕೊಳ್ಳುತ್ತಿದ್ದೆ. ನಮ್ಮ ಮಾರ್ಗದರ್ಶಕರಾದ ಕಾಮತ್ ಸರ್ ಆ ಪಟ್ಟಿ ನೋಡಿ, ದೇಶದಲ್ಲಿ ಯಾರ ಹತ್ತಿರವೂ ಇಂಥ ಮಾವ ಇರಲಿಕ್ಕಿಲ್ಲ ಎಂದಿದ್ದರು.

ಆದರೆ ಪಟ್ಟಿಯಲ್ಲಿ ಇನ್ನೊಂದು ಹೆಸರು ನಾನೇ ಸೇರಿಸಿದ್ದೆ. ಬೂತಾಯಿ ಮೀನಿನ ದೊಡ್ಡ ಹಿಂಡು ಮೇಲೆ ಬಂದರೆ ಅದರ ಮೈಯ ಎಣ್ಣೆಯಿಂದ ನೀರು ನುಣ್ಣಗಾಗುತ್ತದೆ, ಒಂದು ಬಗೆಯ ಹೊಳಪು ಬರುತ್ತದೆ. ನಾನು ಆರನೇ ಕ್ಲಾಸಿನಲ್ಲಿದ್ದಾಗ ಮಾವ ದೀಪಸ್ತಂಭದ ಬಂಡೆಯ ಮೇಲೆ ನಿಲ್ಲಿಸಿ ಅದನ್ನು ತೋರಿಸಿದ್ದರು. ಚಿತ್ರದಲ್ಲಿ ದಡದ ಹತ್ತಿರ ಸಣ್ಣ, ಗುಂಡನೆಯ ಕಪ್ಪು ಕಲೆ ಕಂಡರೆ ಅದು ಮೀನು ಯಾಕಾಗಬಾರದು ಎಂದುಕೊಂಡೆ. ಕಾಮತ್ ಸರ್ ಒಪ್ಪಲಿಲ್ಲ. ಇದನ್ನು ಎಲ್ಲಿಯೂ ಬರೆಯಬೇಡ, ನಗುತ್ತಾರೆ ಎಂದರು. ನಾನು ಬರೆಯಲಿಲ್ಲ, ಮಾವನಿಗೆ ಹೇಳಿದೆ. ಈ ಕೆಡುಕು ನಡೆದ ವರ್ಷ, ಮಳೆಗಾಲದ ಮೊದಲೇ ಮೂರು ಸಲ ನಾನು ಹೇಳಿದ ಕಡೆ ಅವರಿಗೆ ಬೂತಾಯಿ ಸಿಕ್ಕಿತು. ಮೂರನೆಯ ಸಲ ದೋಣಿ ತುಂಬಿ ಬಂದಾಗ ಮಾವನ ಜೊತೆ ಹೋಗುವ ರಮೇಶಣ್ಣ ನನಗೆ ಫೋನ್ ಮಾಡಿ, "ಇನ್ನು ನಿನ್ನ ಮಾವನನ್ನು ಕೆಲಸದಿಂದ ತೆಗೆಯುವುದು. ನಮ್ಮ ತಂಡೇಲ ಈಗ ಮಣಿಪಾಲದಲ್ಲಿ ಏಸಿ ಕೋಣೆಯಲ್ಲಿ ಕೂತಿದ್ದಾಳೆ ಅಲ್ವಾ," ಎಂದರು. ಹಿಂದಿನಿಂದ ಯಾರೋ, ಆಕಾಶದ ತಂಡೇಲ ಎಂದು ಕೂಗಿದ್ದು ಕೇಳಿಸಿತು. ನನಗೆ ಆ ಹೆಸರು ಎಷ್ಟು ಇಷ್ಟವಾಯಿತೆಂದರೆ, ಆ ದಿನ ಹಾಸ್ಟೆಲಿನ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದೆ. ದೋಣಿಗೆ ಹತ್ತಲು ಬಿಡದಿದ್ದವರ ದೋಣಿಯನ್ನು ನಾನು ನಡೆಸುತ್ತಿದ್ದೆ.

ಮಳೆಗಾಲ ಶುರುವಾಯಿತು. ಎರಡು ತಿಂಗಳು ದೊಡ್ಡ ಬೋಟುಗಳಿಗೆ ಕಡಲು ಮುಚ್ಚಿರುತ್ತದೆ. ನಾಡದೋಣಿಗಳಿಗೆ ಮಾತ್ರ ಅವಕಾಶ. ಆದರೆ ಅವರಿಗೂ ಕಡಲು ತಾನಾಗಿ ಬಾಗಿಲು ತೆರೆಯಬೇಕು. ಆ ವರ್ಷ ಜುಲೈ ಪೂರ್ತಿ ಅಲೆ ಇಳಿಯಲೇ ಇಲ್ಲ. ಬಲೆ ಒಣಗಿ, ಮಡಚಿ, ಮತ್ತೆ ಬಿಚ್ಚಿ ಮಡಚುವುದಾಯಿತು. ಮಾಮಿ ಇನ್ನಂಜೆಗೆ ಹೋಗದೆ ಮನೆಯಲ್ಲೇ ಒಣಮೀನು ತೆಗೆದು ದಿನ ದೂಡುತ್ತಿದ್ದರು. ಕೊನೆಗೆ ಒಂದು ಮಂಗಳವಾರ ಗಾಳಿ ತಗ್ಗಿತು. ಬುಧವಾರ ನಸುಕಿಗೂ ಮೊದಲೇ ದೋಣಿ ಹೋಗಿ, ಬೆಳಗಾಗುವಾಗ ಬರಿಗೈಯಲ್ಲಿ ವಾಪಸಾಗಿತ್ತು. ಮಾವ ದೋಣಿಗೆ ಒರಗಿ ನಿಂತದ್ದು ಆಮೇಲೆ. ಉಪಗ್ರಹ ಹೋದದ್ದು ಆಗಲೇ.

ಚಿತ್ರ ನನ್ನ ಕೈಗೆ ಬಂದದ್ದು ಹತ್ತೂವರೆಗೆ. ಒಂದೊಂದು ಚಿತ್ರವೂ ಇನ್ನೂರೈವತ್ತು ಕಿಲೋಮೀಟರ್ ಅಗಲದ ಕಡಲನ್ನು ಹೊತ್ತು ಬರುತ್ತದೆ. ಪೂರ್ತಿ ತೆರೆದರೆ ಕಂಪ್ಯೂಟರು ಏದುಸಿರು ಬಿಡುತ್ತಿತ್ತು. ಹಾಗಾಗಿ ನಾನು ಒಂದು ಅಭ್ಯಾಸ ಮಾಡಿಕೊಂಡಿದ್ದೆ. ಚಿತ್ರ ಬಂದ ಕೂಡಲೇ ಕಾಪುವಿನ ಎದುರಿನ ಒಂದು ಚೌಕವನ್ನು ಕತ್ತರಿಸಿ, ಅದನ್ನು ಮೊದಲು ನೋಡುವುದು. ಮಾವನ ದೋಣಿ ಹೋಗುವಷ್ಟು ನೀರು. ಮೇಲೆ ಮಟ್ಟು ಎಂಬ ಊರು, ಕೆಳಗೆ ದೀಪಸ್ತಂಭದ ತೆಂಕು. ಆ ಚೌಕದ ಪಡುವಣ ಅಂಚಿಗೆ ತಾಗಿ ಒಂದು ಕಪ್ಪು ಕಲೆ ಇತ್ತು. ಗುಂಡಗೆ, ಅಂಚು ಸ್ವಲ್ಪ ಹರಿದಂತೆ. ಗಾಳಿಯ ಲೆಕ್ಕ ನೋಡಿದೆ. ಗಾಳಿ ಪೂರ್ತಿ ಸತ್ತಿರಲಿಲ್ಲ, ಹಾಗಾಗಿ ಅದು ಗಾಳಿಯ ನೆರಳಲ್ಲ. ತಿಂಗಳುಗಟ್ಟಲೆ ಅಲೆ ಇದ್ದು ಈಗ ಇಳಿದಿದೆ, ಬೂತಾಯಿ ಮೇಲೆ ಬರುವ ಹೊತ್ತು. ನನಗೆ ಅನುಮಾನವೇ ಬರಲಿಲ್ಲ.

ಹನ್ನೊಂದು ಗಂಟೆಗೆ ಫೋನ್ ಮಾಡಿದೆ. ಮಾವನ ದನಿ ದಣಿದಿತ್ತು. ಬೆಳಿಗ್ಗೆ ಎಂತದೂ ಸಿಗಲಿಲ್ಲ, ಹುಡುಗರು ಮನೆಗೆ ಹೋಗುವ ಅಂತಿದ್ದಾರೆ ಎಂದರು.

"ಮಾವ, ಒಂದು ಉಂಟು. ದೀಪಸ್ತಂಭದಿಂದ ನೇರ ಪಡುವಣಕ್ಕೆ, ಆರು ಮಾರು ನೀರು. ಇಷ್ಟು ಹೊತ್ತಿಗೆ ಸ್ವಲ್ಪ ದಡಕ್ಕೆ ಬಂದಿರಬಹುದು."

"ಮೀನೇ ಅಲ್ವಾ ಮಗಾ?"

"ಮೀನೇ ಮಾವ."

ಈ ಎರಡು ಸಾಲನ್ನು ನಾನು ಎಷ್ಟು ಸಲ ಹಿಂದೆ ಮುಂದೆ ಓಡಿಸಿದ್ದೇನೋ ಲೆಕ್ಕವಿಲ್ಲ. ಇರಬಹುದು ಎಂದು ಹೇಳಬಹುದಿತ್ತು. ನೋಡಿ ಹೇಳಿ ಎಂದು ಹೇಳಬಹುದಿತ್ತು. ಪ್ರಯೋಗಾಲಯದ ವರದಿಯಲ್ಲಿ ಒಂದು ವಾಕ್ಯಕ್ಕೆ ನಾಲ್ಕು ಅನುಮಾನ ಸೇರಿಸುವವಳು ನಾನು. ಮಾವನಿಗೆ ಮಾತ್ರ ಅನುಮಾನವಿಲ್ಲದ ಮಾತು ಕೊಟ್ಟೆ.

ಊಟ ಮುಗಿಸಿ ಬಂದಾಗ ಒಂದು ಗಂಟೆ ಆಗಿತ್ತು. ಕಾಮತ್ ಸರ್ ಸಂಜೆಯ ಒಂದು ಭಾಷಣಕ್ಕೆ ಇಡೀ ಚಿತ್ರ ಬೇಕು, ತೆರೆದು ಕೊಡು ಎಂದರು. ತೆರೆದೆ. ಚಿತ್ರ ಪರದೆಯ ಮೇಲೆ ಪಟ್ಟಿ ಪಟ್ಟಿಯಾಗಿ ಮೂಡುತ್ತಿತ್ತು. ನನ್ನ ಗುಂಡನೆಯ ಕಲೆ ಚೌಕದ ಅಂಚಿನಲ್ಲಿ ನಿಂತಿರಲಿಲ್ಲ. ಅಲ್ಲಿಂದ ಒಂದು ಕಪ್ಪು ಗೆರೆ ವಾಯವ್ಯಕ್ಕೆ ಹೊರಟಿತ್ತು. ಅಡಿಕೋಲು ಇಟ್ಟು ಎಳೆದಂತೆ ನೇರ. ಅದು ಹೋಗಿ ಹೋಗಿ, ಹಡಗುಗಳು ಓಡಾಡುವ ದಾರಿಯಲ್ಲಿ, ಒಂದು ಬಿಳಿ ಚುಕ್ಕೆಗೆ ತಲುಪುತ್ತಿತ್ತು. ಕಬ್ಬಿಣ ರಾಡಾರಿಗೆ ಹಾಗೆ ಬೆಳ್ಳಗೆ ಕಾಣುತ್ತದೆ. ಯಾವುದೋ ಹಡಗು ತನ್ನ ಹೊಟ್ಟೆ ತೊಳೆದು, ಆ ಎಣ್ಣೆಕೊಳೆಯನ್ನು ಕಡಲಿಗೆ ಬಿಡುತ್ತಾ ಹೋಗಿತ್ತು. ಗೆರೆಯ ಹಳೆಯ ತುದಿ ಅಲೆಗೆ ಸಿಕ್ಕಿ, ಮುದ್ದೆಯಾಗಿ, ದಡದ ಕಡೆ ಬಂದಿತ್ತು. ನಾನು ಕತ್ತರಿಸಿ ನೋಡಿದ್ದು ಆ ತುದಿಯನ್ನು ಮಾತ್ರ.

ಸರ್ ಹಿಂದಿನಿಂದ ಏನೋ ಕೇಳಿದರು. ನಾನು ಫೋನ್ ಹಿಡಿದು ಹೊರಗೆ ಬಂದಿದ್ದೆ.

ಮಾವನ ಫೋನ್ ಹೊಡೆದುಕೊಳ್ಳುತ್ತಿತ್ತು. ಅದು ಎಲ್ಲಿದೆ ಎಂದು ನನಗೆ ಗೊತ್ತಿತ್ತು. ನೀರು ತಾಗಬಾರದೆಂದು ಮುಚ್ಚಳ ಬಿಗಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಇಂಜಿನಿನ ಹತ್ತಿರ. ಆ ಡಬ್ಬಿಯನ್ನು ತಂದುಕೊಟ್ಟವಳೂ ನಾನೇ. ಇಂಜಿನಿನ ಸದ್ದಿನಲ್ಲಿ ಅದು ಕೇಳುವುದಿಲ್ಲ. ರಮೇಶಣ್ಣನದ್ದು ದಡದಲ್ಲೇ ಬಿಟ್ಟುಹೋದ ಫೋನ್. ಅವರ ಹೆಂಡತಿ ಎತ್ತಿದರು. ಮಾಮಿಗೆ ಮಾಡಿದೆ. ದೋಣಿ ಹೋಗಿ ಒಂದು ಗಂಟೆ ಮೇಲಾಯಿತು ಎಂದರು. ಅದು ಮೀನಲ್ಲ ಮಾಮಿ, ಎಣ್ಣೆ, ವಾಪಸು ಕರೆಯಿರಿ ಎಂದೆ. ಮಾಮಿ ಹೇಗೆ ಕರೆಯುವುದು ಎಂದು ಕೇಳಲಿಲ್ಲ. ಫೋನ್ ಕಿವಿಯಲ್ಲಿಟ್ಟುಕೊಂಡೇ ಓಡಿದ್ದು ಕೇಳಿಸಿತು. ಮರಳು, ಉಸಿರು, ಗಾಳಿ. "ಕಾಣ್ತದೆ ಮಗಾ. ಸಣ್ಣದು ಕಾಣ್ತದೆ. ಬಲೆ ಬಿಡ್ತಿದ್ದಾರೆ," ಎಂದರು. ಮತ್ತೆ ಫೋನಿಗಲ್ಲ, ಕಡಲಿಗೆ ಕೂಗತೊಡಗಿದರು. ತಲೆಗೆ ಹಾಕಿದ್ದ ಬಟ್ಟೆಯನ್ನು, ಬೈರಾಸನ್ನು, ತೆಗೆದು ಬೀಸಿದರಂತೆ. ಜೊತೆಗೆ ನಿಂತ ಹೆಂಗಸರೂ ಸೆರಗು ಬೀಸಿದರಂತೆ. ಮಾವ ಅದನ್ನು ನೋಡಿದ್ದರು. ಮೀನು ಮೇಲೆ ಬಂದದ್ದು ದಡಕ್ಕೂ ಕಾಣುತ್ತಿದೆ, ಅದಕ್ಕೇ ಕುಣಿಯುತ್ತಿದ್ದಾರೆ ಎಂದುಕೊಂಡು ಅವರು ಬಲೆಯನ್ನು ಇನ್ನೂ ಬೇಗ ಬಿಡಿಸಿದರಂತೆ. ಏಳುನೂರು ಕಿಲೋಮೀಟರ್ ಮೇಲಿನಿಂದ ಕಂಡದ್ದನ್ನು ಎರಡು ಕಿಲೋಮೀಟರ್ ದೂರ ಹೇಳಲು ನಮಗೆ ಒಂದು ಬೈರಾಸು ಬಿಟ್ಟು ಬೇರೇನೂ ಇರಲಿಲ್ಲ.

ಮಣಿಪಾಲದಿಂದ ಇಳಿದು, ಉಡುಪಿ ದಾಟಿ, ಹೆದ್ದಾರಿ ಹಿಡಿದು ಕಾಪುವಿಗೆ ಹೋಗುವ ದಾರಿಯಲ್ಲಿ ನಾನು ಸಾವಿರ ಸಲ ಹೋಗಿದ್ದೇನೆ. ಆ ದಿನ ಆಟೋದಲ್ಲಿ ಹೋದೆ. ಮಳೆ ಶುರುವಾಗಿತ್ತು. ಆಟೋದವನು ಪರದೆ ಬಿಡಲೇ ಎಂದು ಕೇಳಿದ, ಬೇಡ ಎಂದೆ, ಪೂರ್ತಿ ನೆನೆದೆ. ಮಾವನ ಫೋನಿಗೆ ಮಾಡುತ್ತಲೇ ಇದ್ದೆ. ಪ್ರತಿ ಸಲವೂ ಅದು ಪೂರ್ತಿ ಹೊಡೆದುಕೊಂಡು ನಿಲ್ಲುತ್ತಿತ್ತು. ಒಂದು ಕಡೆ ರಸ್ತೆಗೆ ಅಡ್ಡ ನಿಂತ ಲಾರಿ ಹಿಂದೆ ಮುಂದೆ ಮಾಡುತ್ತಿತ್ತು. ಆಟೋದವನು ಇಳಿದು ಹೋಗಿ ಲಾರಿಯವನ ಜೊತೆ ಜಗಳಕ್ಕೆ ನಿಂತ. ನಾನು ಹಿಂದೆ ಕುಳಿತು ಚಿತ್ರದ ಆ ಗೆರೆಯನ್ನೇ ನೋಡುತ್ತಿದ್ದೆ. ಕಣ್ಣು ಮುಚ್ಚಿದರೂ ಅದು ಇತ್ತು.

ಕಡಲಿನಲ್ಲಿ ಆದದ್ದನ್ನು ರಮೇಶಣ್ಣ ಆಮೇಲೆ ಹೇಳಿದರು. ಹೋದಾಗ ನೀರು ನುಣ್ಣಗಿತ್ತು, ಹೊಳೆಯುತ್ತಿತ್ತು. ಮೋಡದ ಬೆಳಕಿನಲ್ಲಿ ಬಣ್ಣ ತಿಳಿಯಲಿಲ್ಲ. ವಾಸನೆ ಬರಲಿಲ್ಲವಾ ಎಂದು ನಾನು ಕೇಳಿದೆ. ಅವರು ನನ್ನ ಮುಖ ನೋಡಿದರು. ನಮ್ಮ ಇಂಜಿನು ಓಡುವುದು ಸೀಮೆಎಣ್ಣೆಯಲ್ಲಿ; ಹುಟ್ಟಿದಾಗಿನಿಂದ ದೋಣಿ ಎಂದರೆ ಆ ವಾಸನೆಯೇ. ಎಣ್ಣೆಯ ವಾಸನೆಯನ್ನು ಎಣ್ಣೆಯ ವಾಸನೆ ಎಂದು ಗುರುತಿಸುವ ಮೂಗು ನಮ್ಮವರಲ್ಲಿ ಯಾರಿಗೂ ಉಳಿದಿರಲಿಲ್ಲ. ಬಲೆ ಸುತ್ತಿ ಎಳೆಯುವಾಗ ಕೈ ಜಾರತೊಡಗಿತು. ನೋಡಿದರೆ ಹಗ್ಗ ಕಪ್ಪು. ಇಬ್ಬರು ಹುಡುಗರು ವಾಂತಿ ಮಾಡಿಕೊಂಡರು. ಬಲೆಯ ಒಂದು ಅಂಚು ನೀರಿನಡಿ ತಿರುಗುವ ಇಂಜಿನಿನ ಫ್ಯಾನಿಗೆ ಸುತ್ತಿಕೊಂಡು ದೋಣಿ ಅಲ್ಲೇ ನಿಂತಿತು. ಯಾರಾದರೂ ಇಳಿದು ಬಿಡಿಸಬೇಕು. ಉಳಿದವರ ಸ್ಥಿತಿ ನೋಡಿ, ಮಾವ ಬಾಯಲ್ಲಿ ಚೂರಿ ಕಚ್ಚಿಕೊಂಡು ತಾವೇ ಇಳಿದರು. ಮೂರು ಸಲ ಮುಳುಗಿ ಬಲೆ ಕೊಯ್ದರು. ಮೂರನೆಯ ಸಲ ಮೇಲೆ ಬಂದಾಗ ಕೆಮ್ಮುತ್ತಿದ್ದರು.

ನಾನು ತಲುಪಿದಾಗ ದೋಣಿಯನ್ನು ಮರಳಿಗೆ ಎಳೆಯುತ್ತಿದ್ದರು. ಅದರ ಹೊಟ್ಟೆ ಕಪ್ಪಾಗಿತ್ತು. ಮಾವ ಮರಳಿನ ಮೇಲೆ ಕುಳಿತಿದ್ದರು, ಅವರ ಕೂದಲಿನಿಂದ ಕಂದು ನೀರು ಇಳಿಯುತ್ತಿತ್ತು. ಕೆಮ್ಮು ನಿಂತಿತ್ತು. ನನ್ನನ್ನು ನೋಡಿ ನಕ್ಕರು. "ನಿನ್ನ ಮೀನಿಗೆ ಸ್ವಲ್ಪ ಎಣ್ಣೆ ಜಾಸ್ತಿ ಮಾರಾಯ್ತಿ," ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ; ಬದುಕಿ ಬಂದರಲ್ಲ ಎಂದು ನಕ್ಕೆ. ಮಾಮಿ ಒಂದು ಚೊಂಬು ಉಪ್ಪು ನೀರು ತಂದು ಕುಡಿಸಿ, ಹೊಟ್ಟೆಗೆ ಹೋದದ್ದೆಲ್ಲ ಹೊರಗೆ ಬರಲಿ ಎಂದು ವಾಂತಿ ಮಾಡಿಸಿದರು. ವಿಷ ಏನು ಕುಡಿದರೂ ನಮ್ಮಲ್ಲಿ ಮೊದಲು ಮಾಡುವುದು ಅದನ್ನೇ. ನಾನು ಅವರ ಬೆನ್ನು ತಿಕ್ಕುತ್ತಾ ನಿಂತಿದ್ದೆ.

ಮರುದಿನ ಮಧ್ಯಾಹ್ನದ ಹೊತ್ತಿಗೆ ಮಾವನಿಗೆ ಉಸಿರು ಎಳೆಯಲು ಆಗಲಿಲ್ಲ. ಉಡುಪಿಯ ಆಸ್ಪತ್ರೆಯಲ್ಲಿ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಎರಡೂ ಶ್ವಾಸಕೋಶದ ಕೆಳಗಿನ ಭಾಗ ಬೆಳ್ಳಗಾಗಿತ್ತು. ನನ್ನ ಚಿತ್ರಗಳಲ್ಲಿ ಎಣ್ಣೆ ಕಪ್ಪು, ಇಲ್ಲಿ ಬಿಳಿ. ಎಣ್ಣೆ ಶ್ವಾಸಕೋಶಕ್ಕೆ ಇಳಿದಿದೆ, ಒಳಗೆ ಸುಟ್ಟಂತಾಗಿದೆ ಎಂದರು. ವಾಂತಿ ಮಾಡಿಸಿದಿರಾ ಎಂದು ಕೇಳಿದರು. ಹೌದು ಎಂದೆ. ಎಣ್ಣೆ ಕುಡಿದವರಿಗೆ ಹಾಗೆ ಮಾಡಿಸಬಾರದು, ಬರುವಾಗ ಇನ್ನಷ್ಟು ಒಳಗೆ ಹೋಗುತ್ತದೆ ಎಂದು ಮೆಲ್ಲಗೆ ಹೇಳಿದರು. ಬೈಯಲಿಲ್ಲ. ಮಾಮಿ ನನ್ನ ಪಕ್ಕದಲ್ಲೇ ಇದ್ದರು. ಡಾಕ್ಟರು ಹೇಳಿದ್ದು ಅವರಿಗೆ ಕೇಳಿತೋ ಇಲ್ಲವೋ ಎಂದು ನನಗೆ ಆಗ ತಿಳಿಯಲಿಲ್ಲ.

ಬಾಯಿಗೆ ಕೊಳವೆ ಹಾಕಿ ಮಾವನನ್ನು ಯಂತ್ರದ ಉಸಿರಿಗೆ ಬಿಟ್ಟರು. ದಿನಕ್ಕೆ ಒಮ್ಮೆ, ಸಂಜೆ, ಹತ್ತು ನಿಮಿಷ ನೋಡಲು ಬಿಡುತ್ತಿದ್ದರು. ಯಂತ್ರ ಒತ್ತಿದಾಗ ಅವರ ಎದೆ ಏರುತ್ತಿತ್ತು, ಬಿಟ್ಟಾಗ ಇಳಿಯುತ್ತಿತ್ತು. ಆ ಹತ್ತು ನಿಮಿಷ ನಾವಿಬ್ಬರೂ ಅವರ ಕಾಲು ಹಿಡಿದುಕೊಂಡು ನಿಲ್ಲುತ್ತಿದ್ದೆವು. ಉಳಿದ ಹೊತ್ತು ಕಾರಿಡಾರಿನ ಬೆಂಚು. ಅಲ್ಲಿಂದ ನನ್ನ ನಿದ್ದೆ ಹೋಯಿತು. ಕಣ್ಣು ಹತ್ತಿದರೂ ಬೆಳಿಗ್ಗೆ ಆರು ಹದಿನೇಳಕ್ಕೆ ಯಾರೋ ಹಿಡಿದೆಳೆದಂತೆ ಎಚ್ಚರವಾಗುತ್ತಿತ್ತು.

ಕಾಮತ್ ಸರ್ ವರದಿ ಬರೆಯಲು ಹೇಳಿದರು. ಬರೆದೆವು, ಕಳಿಸಬೇಕಾದ ಕಚೇರಿಗಳಿಗೆಲ್ಲ ಕಳಿಸಿದೆವು. ಹಡಗುಗಳು ತಮ್ಮ ಹೆಸರನ್ನು ಸದಾ ರೇಡಿಯೋದಲ್ಲಿ ಸಾರುತ್ತಾ ಹೋಗಬೇಕು ಎಂಬ ನಿಯಮ ಉಂಟು. ನಮಗೆ ಸಿಕ್ಕಿದ ದಾಖಲೆಯಲ್ಲಿ ಆ ಹೊತ್ತಿಗೆ, ಆ ಜಾಗದಲ್ಲಿ, ಯಾವ ಹೆಸರೂ ಇರಲಿಲ್ಲ. ಬಿಳಿ ಚುಕ್ಕೆ ಇತ್ತು, ಹೆಸರು ಇರಲಿಲ್ಲ. ಒಂದು ಕಚೇರಿಯಿಂದ ಇನ್ನೊಂದು ಚಿತ್ರ ಉಂಟೇ ಎಂದು ಕೇಳಿದರು. ಅದೇ ಉಪಗ್ರಹ ಅದೇ ದಾರಿಯಲ್ಲಿ ಮತ್ತೆ ಬರುವುದು ಹನ್ನೆರಡು ದಿನಕ್ಕೆ. ಬೇರೆ ಉಪಗ್ರಹಗಳಿಗೆ ಕಂಡದ್ದು ಮಳೆಗಾಲದ ಮೋಡ ಮಾತ್ರ. ಹನ್ನೆರಡು ದಿನ ನಾನು ಎರಡನ್ನು ಕಾದೆ: ಮಾವ ಕಣ್ಣು ತೆರೆಯುವುದನ್ನು, ಚಿತ್ರ ಬರುವುದನ್ನು. ಮಾವ ಒಂಬತ್ತನೆಯ ದಿನ ಕಣ್ಣು ತೆರೆದರು. ಹನ್ನೆರಡನೆಯ ದಿನ ಚಿತ್ರ ಬಂತು. ಅಷ್ಟರಲ್ಲಿ ಗಾಳಿ ಮತ್ತೆ ಎದ್ದು ಕಡಲನ್ನು ಕಡೆದು ಹಾಕಿತ್ತು. ಚಿತ್ರದಲ್ಲಿ ಮಟ್ಟುವಿನಿಂದ ಕಾಪುವಿನವರೆಗೆ ಸ್ವಚ್ಛ ಬೂದು ನೀರು. ಒಂದು ಕಲೆಯೂ ಇಲ್ಲ. ಸದ್ಯಕ್ಕೆ ಯಾವುದೇ ಎಣ್ಣೆ ಕಂಡುಬಂದಿಲ್ಲ ಎಂದು ಆ ಕಚೇರಿಯಿಂದ ಉತ್ತರ ಬಂತು. ಅದು ಸುಳ್ಳೂ ಆಗಿರಲಿಲ್ಲ. ಸರ್ ಕಾಗದ ಓದಿ, ಕನ್ನಡಕ ತೆಗೆದು ಒರೆಸುತ್ತಾ ಹೇಳಿದರು: "ಕತ್ತರಿಸುವ ಮೊದಲು ಒಮ್ಮೆ ಪೂರ್ತಿ ನೋಡಬೇಕು ಅಂತ ನಾನು ನಿನಗೆ ಮೊದಲ ವಾರವೇ ಹೇಳಿದ್ದೆ, ಅಲ್ವಾ." ಒರೆಸಿದ ಕನ್ನಡಕವನ್ನೇ ಮತ್ತೆ ಒರೆಸಿದರು.

ಎಣ್ಣೆ ಬೇರೆ ಕಡೆಗಳಲ್ಲಿ ಇತ್ತು. ಬಲೆಯಲ್ಲಿತ್ತು, ತೊಳೆದರೂ ಹೋಗದೆ ಅದನ್ನು ಕಡಲ ಬದಿಯಲ್ಲಿ ರಾಶಿ ಹಾಕಿದ್ದರು. ಮರಳಿನಲ್ಲಿ ಕಪ್ಪು ಉಂಡೆಗಳಾಗಿ ಬರುತ್ತಿತ್ತು, ಕಾಲಿಗೆ ಅಂಟುತ್ತಿತ್ತು. ಮಾವ ವಾರ್ಡಿಗೆ ಬಂದ ಮೇಲೆ ಮಾಮಿ ಬೇರೆ ದೋಣಿಯ ಬಂಗುಡೆ ಮೀನು ಹೊತ್ತು ಇನ್ನಂಜೆಗೆ ಹೋದರು. ಇಪ್ಪತ್ತು ವರ್ಷ ಮೀನು ಕೊಟ್ಟ ಮನೆಯ ಹೆಂಗಸೊಬ್ಬರು ಬುಟ್ಟಿ ಮೂಸಿ ನೋಡಿ, "ಜಲಜಕ್ಕ, ಇದನ್ನು ಹುರಿಯಲಿಕ್ಕೆ ಬೇರೆ ಎಣ್ಣೆ ಬೇಡ ಅಲ್ವಾ?" ಎಂದರಂತೆ. ತಮಾಷೆಗೆ ಹೇಳಿದ್ದು. ಮಾಮಿ ಬುಟ್ಟಿಯನ್ನು ಹಾಗೆಯೇ ಹೊತ್ತು ವಾಪಸು ಬಂದು, ಆಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕ ಕುಳಿತರು.

"ಉಪ್ಪು ನೀರು ಕೊಟ್ಟದ್ದು ನಾನು," ಎಂದರು.

ಡಾಕ್ಟರ ಮಾತು ಅವರಿಗೆ ಮೊದಲ ದಿನವೇ ಕೇಳಿಸಿತ್ತು.

"ಜಾಗ ಹೇಳಿದ್ದು ನಾನು ಮಾಮಿ," ಎಂದೆ.

ಅವರು ನನ್ನ ಕೈ ಹಿಡಿದುಕೊಳ್ಳಲಿಲ್ಲ, ಬಿಡು ಎನ್ನಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, ಮಾವನಿಗೆ ಹೇಳಬೇಡ ಎಂದರು. ಯಾವುದನ್ನು ಹೇಳಬಾರದು ಎಂದು ನಾನು ಕೇಳಲಿಲ್ಲ.

ಮಾವ ಮನೆಗೆ ಬಂದಾಗ ನೂಲು ಹುಣ್ಣಿಮೆ ಕಳೆದಿತ್ತು. ಪ್ರತಿ ವರ್ಷ ಆ ದಿನ ಊರಿನವರೆಲ್ಲ ಸೇರಿ ಕಡಲಿಗೆ ಹಾಲು ಎರೆದು, ತೆಂಗಿನಕಾಯಿ ಬಿಡುತ್ತಾರೆ. ನಮ್ಮ ದೋಣಿಯ ಕಾಯಿ ಬಿಡುವುದು ಮಾವ. ಆ ವರ್ಷ ರಮೇಶಣ್ಣ ಬಿಟ್ಟರು. ಮಾವ ಜಗಲಿಯಲ್ಲಿ ದಿಂಬಿಗೆ ಒರಗಿ ಕುಳಿತಿರುತ್ತಿದ್ದರು. ಐವತ್ತೆರಡರ ಆಳು, ಅಂಗಳ ದಾಟಿ ಬಾವಿಕಟ್ಟೆಗೆ ಹೋಗಲು ಎರಡು ಕಡೆ ನಿಲ್ಲಬೇಕಾಗಿತ್ತು. ಉಸಿರು ಬಿಡುವಾಗ ಒಂದು ಸಣ್ಣ ಸೀಟಿ. ಇನ್ನು ಕಡಲಿಗೆ ಇಳಿಯುವಂತಿಲ್ಲ ಎಂದು ಡಾಕ್ಟರು ಹೇಳಿದ್ದರು. ಅದನ್ನು ಅವರಿಗೆ ಯಾರೂ ವಿವರಿಸಬೇಕಾಗಲಿಲ್ಲ.

ಸೆಪ್ಟೆಂಬರಿನ ಒಂದು ಸಂಜೆ ಅವರು ಆ ಚಿತ್ರ ತೋರಿಸು ಎಂದರು. ಅದುವರೆಗೆ ಒಮ್ಮೆಯೂ ಕೇಳಿರಲಿಲ್ಲ. ಲ್ಯಾಪ್‌ಟಾಪ್ ತಂದು ಅವರ ಮಡಿಲ ಮೇಲಿಟ್ಟು ಪೂರ್ತಿ ಚಿತ್ರ ತೆರೆದೆ. ಮಾವ ಹಿಂದೆಂದೂ ಅಂಥದ್ದನ್ನು ನೋಡಿದವರಲ್ಲ, ಆದರೂ ನಾನು ಏನನ್ನೂ ತೋರಿಸಬೇಕಾಗಲಿಲ್ಲ. ದೀಪಸ್ತಂಭದ ಬಂಡೆ ಹುಡುಕಿದರು, ಅಲ್ಲಿಂದ ಬೆರಳು ಪಡುವಣಕ್ಕೆ ಹೋಯಿತು, ಕಲೆಯ ಮೇಲೆ ನಿಂತಿತು, ಗೆರೆ ಹಿಡಿದು ಬಿಳಿ ಚುಕ್ಕೆಯವರೆಗೆ ನಡೆಯಿತು.

"ಮೀನು ಹೀಗೆ ನೇರ ಹೋಗುವುದಿಲ್ಲ," ಎಂದರು.

"ಇಲ್ಲ ಮಾವ."

"ನೀನು ಇದನ್ನು ನೋಡಿರಲಿಲ್ಲ?"

"ಇಲ್ಲ. ನಾನು ನಮ್ಮ ಕಡೆಯದ್ದನ್ನು ಮಾತ್ರ ಕತ್ತರಿಸಿ ನೋಡಿದೆ."

ಅವರು ಪರದೆಯಿಂದ ಕಣ್ಣು ತೆಗೆಯಲಿಲ್ಲ. ಮಾಮಿ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಿದ್ದರು. ಸೀಟಿಯಂಥ ಉಸಿರು ನಾಲ್ಕು ಸಲ ಬಂದು ಹೋಯಿತು.

"ಹಕ್ಕಿ ಇರಲಿಲ್ಲ," ಎಂದರು ಮಾವ. "ಬೂತಾಯಿ ಇದ್ದ ಕಡೆ ಹಕ್ಕಿ ಇಲ್ಲದೆ ಇರುವುದಿಲ್ಲ. ಹೋದ ಕೂಡಲೇ ನಾನು ಮೇಲೆ ನೋಡಿದೆ. ಒಂದು ಹಕ್ಕಿಯೂ ಇರಲಿಲ್ಲ. ರಮೇಶನೂ ಹೇಳಿದ, ಹಕ್ಕಿ ಇಲ್ಲ ಅಂತ."

"ಮತ್ತೆ?"

"ಮತ್ತೆ ಎಂತ. ನೀನು ಹೇಳಿದ್ದೀಯಲ್ಲ. ಬಿಡು ಬಲೆ ಅಂತ ರಮೇಶನಿಗೆ ಅಂದೆ."

ಅದು ನನ್ನನ್ನು ಹಗುರ ಮಾಡಲು ಹೇಳಿದ ಮಾತಲ್ಲ. ಮೂವತ್ತು ವರ್ಷ ಹಕ್ಕಿ ನೋಡಿ ಬಲೆ ಬಿಟ್ಟವರು ಒಂದು ದಿನ ಹಕ್ಕಿಗಿಂತ ನನ್ನನ್ನು ಹೆಚ್ಚು ನಂಬಿದರು. ಅದನ್ನು ತಿಳಿದು ನನ್ನ ತಪ್ಪು ಚಿಕ್ಕದಾಗಲಿಲ್ಲ, ದೊಡ್ಡದಾಯಿತು. ಆದರೆ ಅವರು ಅದನ್ನು ಹೇಳಿದ ರೀತಿಯಲ್ಲಿ, ತಲೆ ತಗ್ಗಿಸಿದ ರೀತಿಯಲ್ಲಿ, ಅವರೂ ಇಷ್ಟು ದಿನ ಆ ಬರಿ ಆಕಾಶವನ್ನೇ ನೋಡುತ್ತಾ ಕುಳಿತಿದ್ದರೆಂದು ನನಗೆ ತಿಳಿಯಿತು. ಮಾಮಿ ಬಾಗಿಲಲ್ಲಿ ನಿಂತವರು ಆಗ ತಾವಾಗಿ ಉಪ್ಪು ನೀರಿನ ಮಾತು ತೆಗೆದರು. ಮಾವ, "ಅದು ನನಗೆ ಗೊತ್ತುಂಟು ಮಾರಾಯ್ತಿ, ಡಾಕ್ಟರು ಹೇಳಿದ್ದಾರೆ. ಊಟಕ್ಕೆ ಎಂತ ಮಾಡಿದ್ದಿ?" ಎಂದರು. ಮಟ್ಟುಗುಳ್ಳ ಬದನೆಯ ಹುಳಿ ಎಂದರು ಮಾಮಿ. ಮೂವರೂ ಒಟ್ಟಿಗೆ ಕುಳಿತು ಉಂಡೆವು. ಆ ಬಿಳಿ ಚುಕ್ಕೆಯ ಹಡಗಿನಲ್ಲಿದ್ದವರು ಆ ಹೊತ್ತಿಗೆ ಎಲ್ಲಿ, ಏನು ಉಣ್ಣುತ್ತಿದ್ದರೋ. ಅವರ ನಿದ್ದೆ ಕೆಟ್ಟಿರಲಿಕ್ಕಿಲ್ಲ.

ಮರುವರ್ಷ ನಾನು ಪ್ರಯೋಗಾಲಯ ಬಿಟ್ಟೆ. ಬಿಡುವ ಮೊದಲು ಪಟ್ಟಿಯಲ್ಲಿ ಒಂದು ಹೊಸ ಕಾಲಂ ಸೇರಿಸಿದ್ದೆ, ಹಕ್ಕಿ ಉಂಟೋ ಇಲ್ಲವೋ ಎಂದು. ಈಚೆಗೆ ಸರ್ ಸಿಕ್ಕಾಗ ಕೇಳಿದೆ. ಆ ಕಾಲಂ ಹಾಗೆಯೇ ಉಂಟಂತೆ, ಖಾಲಿ. ನೋಡಿ ಬರುವವರು ಯಾರೂ ಇಲ್ಲ. ಮಾವ ಈಗ ಜಗಲಿಯಲ್ಲಿ ಕುಳಿತು ಬೇರೆಯವರ ಬಲೆ ಹೊಲಿಯುತ್ತಾರೆ. ಡಾಮರಿನ ವಾಸನೆಗೆ ಅವರಿಗೆ ಇವತ್ತಿಗೂ ಉಸಿರು ಕಟ್ಟುತ್ತದೆ. ನನಗೂ, ಬೇರೆ ಕಾರಣಕ್ಕೆ.

ಮಾವನಿಗೆ ಚಿತ್ರ ತೋರಿಸಿದ ಆ ಸಂಜೆ ಉಂಡು ಮುಗಿಸಿದ ಮೇಲೆ ನಾನು ಮಣಿಪಾಲಕ್ಕೆ ವಾಪಸು ಹೋಗಬೇಕಿತ್ತು. ಮರುದಿನ ಹನ್ನೆರಡು ದಿನದ ಸರದಿ ಬಂದಿತ್ತು. ಉಪಗ್ರಹ ಅದೇ ದಾರಿಯಲ್ಲಿ ಹಾದುಹೋಗುವ ದಿನ. ಹಿಂದಿನ ಎಲ್ಲ ಸರದಿಗೂ ನಾನು ಎಚ್ಚರವಿದ್ದು ಗಡಿಯಾರ ನೋಡಿದ್ದೆ. ಮಳೆ ಜೋರಿತ್ತು, ಇಲ್ಲೇ ಇರು ಎಂದರು ಮಾಮಿ. ಚಾಪೆ ಹಾಸಿ ಮಲಗಿದೆ. ಜಗಲಿಯ ಕಡೆಯಿಂದ ಮಾವನ ಉಸಿರಿನ ಸೀಟಿ ಕೇಳಿಸುತ್ತಿತ್ತು, ಅದನ್ನು ಎಣಿಸುತ್ತಿದ್ದೆ. ಎಷ್ಟಕ್ಕೆ ನಿಲ್ಲಿಸಿದೆನೋ ಗೊತ್ತಿಲ್ಲ.

ಎದ್ದಾಗ ಅಂಗಳದಲ್ಲಿ ಬಿಸಿಲು ಬಿದ್ದಿತ್ತು. ಮಾಮಿ ಬುಟ್ಟಿ ಹೊತ್ತು ಹೊರಟಾಗಿತ್ತು. ಮಾವ ಕಂಬ ಹಿಡಿದು ನಿಂತು ಆಕಾಶ ನೋಡುತ್ತಿದ್ದರು. ಗಡಿಯಾರದಲ್ಲಿ ಏಳು ಕಳೆದು ಹತ್ತು ನಿಮಿಷ. ಆರು ಹದಿನೇಳು ಬಂದು ನಮ್ಮ ಮನೆಯ ಮೇಲೆಯೇ ದಾಟಿ ಹೋಗಿತ್ತು. ನನಗೆ ಎಚ್ಚರವಾಗಿರಲಿಲ್ಲ.